ತಿಕೋಟಾದ ಒಣದ್ರಾಕ್ಷಿ

ಮಕ್ಕಳೇ, ಅಜ್ಜಿ ಪಾಯಸಕ್ಕೆ ಹಾಕುವ ಒಣದ್ರಾಕ್ಷಿ ನಮ್ಮ ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಬೆಳೆಯುವುದಿಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಸುರಿಯುವ ಮಳೆಗೆ ಬಳ್ಳಿಯ ಎಲೆಗೆಲ್ಲ ಬೂಷ್ಟು ಹಿಡಿಯುತ್ತದೆ. ವಿಜಯಪುರದಲ್ಲಿ ಅದರ ಐದನೇ ಒಂದು ಪಾಲು ಮಳೆ ಬಿದ್ದರೆ ಹೆಚ್ಚು.

ನಿವೃತ್ತನಾದ ಮೇಲೆ ಗೋಳಗುಮ್ಮಟ ನೋಡಲು ಹೋದವನು ಹತ್ತಿರದ ತಿಕೋಟಾಕ್ಕೂ ಹೋದೆ. ಆಗ ಮಾರ್ಚ್ ತಿಂಗಳು. ಉದ್ದನೆಯ ಶೆಡ್ಡುಗಳಲ್ಲಿ ಒಂದರ ಮೇಲೊಂದು ಬಲೆಯ ಅಟ್ಟ, ಅದರ ತುಂಬ ಹಸಿರು ದ್ರಾಕ್ಷಿ. ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿದರೆ ಸಿಪ್ಪೆಯ ಮೇಣ ಸಡಿಲಿ ಹಣ್ಣು ಬೇಗ ಆರುತ್ತದೆ. ಒಣಗಿಸುವುದು ಬಿಸಿಲಿನಲ್ಲಲ್ಲ, ನೆರಳಿನಲ್ಲಿ. ಇಲ್ಲವಾದರೆ ಬಣ್ಣ ಕಪ್ಪಾಗುತ್ತದೆ. ಸುಮಾರು 15 ದಿನ ಬೇಕು. 4 ಕಿಲೋ ಹಣ್ಣಿಗೆ ಸಿಗುವುದು 1 ಕಿಲೋ ಒಣದ್ರಾಕ್ಷಿ. (ಬ್ಯಾಂಕಿನ ಗುಮಾಸ್ತ ನಾನು, ಲೆಕ್ಕ ಕೇಳದೆ ಬಿಡುತ್ತೇನೆಯೇ?)

ಬರ ಬಿದ್ದಾಗ ಟ್ಯಾಂಕರ್ ನೀರು ಕೊಂಡು, ಹನಿಹನಿಯಾಗಿ ಉಣಿಸಿ ಬಳ್ಳಿ ಉಳಿಸಿಕೊಳ್ಳುವ ಜನ ಅವರು. ಆದರೆ ಹಣ್ಣು ಅಟ್ಟಕ್ಕೇರಿದ ಮೇಲೆ ಮೋಡ ಕಂಡರೆ ಅವರಿಗೆ ನಿದ್ದೆಯಿಲ್ಲ. ಒಂದು ಅಕಾಲ ಮಳೆ ಸಾಕು, ವರ್ಷದ ದುಡಿಮೆ ಕೊಳೆಯಲು. ಶೆಡ್ಡಿನ ಸುತ್ತ ತಾಡಪಾಲು ಸಿದ್ಧವಾಗಿತ್ತು.

ನನ್ನ ಊರು ಕೇಳಿದ ರೈತರೊಬ್ಬರು ನಕ್ಕರು: “ನಿಮ್ಮ ಕಡೆ ಮಳಿ ಭಾಳ ಅಂತಲ್ರೀ, ಅಜ್ಜಾರ. ಇದೊಂದು ತಿಂಗಳು ಅದನ್ನ ಅಲ್ಲೇ ಇಟ್ಕೊಳ್ರಿ!”