ಮೆಣಸ್ಕಾಯಿಯ ಹದ

ಉಡುಪಿ ಸೀಮೆಯ ಊಟದಲ್ಲಿ ಮೆಣಸ್ಕಾಯಿಗೆ ಬಾಳೆಲೆಯ ಮೇಲೆ ದೊರೆಯುವುದು ಒಂದು ಸೌಟಿನಷ್ಟು ಜಾಗ. ಹಾಗಲಕಾಯಿ, ಅನಾನಸು, ಅಂಬಟೆಕಾಯಿ, ಮಾವಿನಕಾಯಿ ಇವುಗಳಲ್ಲಿ ಯಾವುದಾದರೊಂದನ್ನು ಹುಣಸೆಹುಳಿ, ಬೆಲ್ಲ, ಉಪ್ಪಿನೊಡನೆ ಬೇಯಿಸಬೇಕು. ಹುರಿದ ಎಳ್ಳು, ಉದ್ದಿನಬೇಳೆ, ಒಣಮೆಣಸುಗಳನ್ನು ತೆಂಗಿನತುರಿಯೊಂದಿಗೆ ಅರೆದು ಕೂಡಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು. ಬರೆಯಲು ಇಷ್ಟೇ. ಆದರೆ ಹುಳಿ, ಸಿಹಿ, ಖಾರಗಳಲ್ಲಿ ಒಂದು ಇನ್ನೊಂದನ್ನು ಮೆಟ್ಟಿ ನಿಂತರೆ ಆ ಪದಾರ್ಥಕ್ಕೆ ಮೆಣಸ್ಕಾಯಿ ಎಂದು ಕರೆಸಿಕೊಳ್ಳುವ ಯೋಗ್ಯತೆ ಇರುವುದಿಲ್ಲ ಎಂಬುದು ನಮ್ಮ ಅಮ್ಮನ ತೀರ್ಮಾನ.

ಅಮ್ಮ ಮದುವೆಯಾಗಿ ಡೊಂಬಿವಲಿಗೆ ಬಂದಾಗ ಊರಿನ ಸಾಮಗ್ರಿ ಇಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲವಂತೆ. ಕೊಂಕಣ ರೈಲು ಪೂರ್ತಿಯಾಗಿ ಓಡಲಾರಂಭಿಸಿದ್ದು 1998ರಲ್ಲಿ. ಅದಕ್ಕೆ ಮೊದಲು ಊರಿನಿಂದ ಬಸ್ಸಿನಲ್ಲಿ ಬಂದವರ ಚೀಲದಲ್ಲಿ ಅಂಬಟೆಕಾಯಿ ಇದ್ದರೆ ಅದೇ ಹಬ್ಬ. ಉಳಿದ ದಿನಗಳಲ್ಲಿ ಕಲ್ಯಾಣದ ಪೇಟೆಯ ಹಾಗಲಕಾಯಿ, ಕೊಲ್ಹಾಪುರದ ಹಳದಿ ಬೆಲ್ಲ. ಬ್ಯಾಡಗಿ ಮೆಣಸು ಮಾತ್ರ ಮರಾಠಿ ಅಂಗಡಿಯಲ್ಲಿಯೂ ಬ್ಯಾಡಗಿಯೆಂದೇ ಸಿಗುತ್ತಿತ್ತು. ನಮ್ಮ ಚಾಳಿನ ಮರಾಠಿ ಗೃಹಿಣಿಯರಿಗೆ ಅಮ್ಮನ ಮೆಣಸ್ಕಾಯಿ ಹೊಸತೆನಿಸಲಿಲ್ಲ. ಹಸಿಮೆಣಸು, ಶೇಂಗಾ, ಎಳ್ಳು, ಕೊಬ್ಬರಿ, ಹುಣಸೆ, ಬೆಲ್ಲ ಸೇರಿಸಿ ಅವರು ಹಬ್ಬದ ಎಲೆಗೆ ಬಡಿಸುವ ‘ಪಂಚಾಮೃತ’ ಇದರ ಒಡಹುಟ್ಟೇ ಸರಿ. ದೇವರ ಅಭಿಷೇಕದ ಪಂಚಾಮೃತವೊಂದನ್ನೇ ಬಲ್ಲ ನಮ್ಮವರಿಗೆ ಆ ಹೆಸರು ಕೇಳಿ ಮೊದಮೊದಲು ನಗು ಬರುತ್ತಿತ್ತು. ತಿಂದ ಮೇಲೆ ನಿಂತಿತು.

2021ರ ಜ್ವರದಲ್ಲಿ ಅಮ್ಮನ ಮೂಗು ಹೋಯಿತು. ಜ್ವರ ಇಳಿದು ಎರಡು ವಾರಕ್ಕೆ ಶಕ್ತಿ ಮರಳಿತು, ವಾಸನೆ ಮರಳಲಿಲ್ಲ. ಒಗ್ಗರಣೆ ಸೀದರೂ ಅವರಿಗೆ ತಿಳಿಯದು. ನಾವು ರುಚಿ ಎಂದುಕೊಳ್ಳುವುದರಲ್ಲಿ ಬಹುಪಾಲು ಮೂಗಿನ ಕೆಲಸವೆಂಬುದು ಆಗ ನಮ್ಮ ಮನೆಯಲ್ಲಿ ಎಲ್ಲರಿಗೂ ಮನದಟ್ಟಾಯಿತು. ಕೊತ್ತಂಬರಿ, ಜೀರಿಗೆ, ಇಂಗು, ತುಪ್ಪ, ಹುರಿದ ಎಳ್ಳು ಇವೆಲ್ಲ ಗಂಧದ ಬಲದಿಂದ ಬದುಕುವಂಥವು. ನಾಲಿಗೆ ತಾನಾಗಿ ಗುರುತಿಸುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಈಚಿನವರು ಉಮಾಮಿ ಎನ್ನುವ ಐದನೆಯ ರುಚಿಯನ್ನಷ್ಟೇ. ಮೆಣಸಿನ ಖಾರ ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಅದು ಉರಿ, ಅದನ್ನು ತಿಳಿಸುವ ನರವೇ ಬೇರೆ. ಹೀಗಾಗಿ ಅಮ್ಮನಿಗೆ ಸಾರು ಬಿಸಿನೀರಾಯಿತು, ಪಾಯಸ ಬರಿಯ ಸಕ್ಕರೆಯಾಯಿತು. ಅರ್ಧ ತುತ್ತಿಗೆ ಎದ್ದುಬಿಡುತ್ತಿದ್ದರು. ಎಂಟು ತಿಂಗಳಲ್ಲಿ ಅವರ ಬಳೆಗಳು ಮೊಣಕೈಯ ತನಕ ಜಾರತೊಡಗಿದವು.

ಅವರು ಕೇಳಿ ಬಡಿಸಿಕೊಳ್ಳುತ್ತಿದ್ದ ಪದಾರ್ಥ ಒಂದೇ: ಹಾಗಲಕಾಯಿ ಮೆಣಸ್ಕಾಯಿ. ಕಹಿ, ಹುಳಿ, ಸಿಹಿ, ಉಪ್ಪು, ಖಾರ ಇವಿಷ್ಟೂ ಅದರಲ್ಲಿವೆ. ಒಂದಕ್ಕೂ ಮೂಗಿನ ಹಂಗಿಲ್ಲ. “ಇದೊಂದು ನನ್ನ ಹತ್ತಿರ ಮಾತಾಡ್ತದೆ” ಎನ್ನುತ್ತಿದ್ದರು. ಎಲೆಯ ಮೂಲೆಯ ಒಂದು ಸೌಟು ಅವರ ಊಟದ ನಡುವಿಗೆ ಬಂದಿತು.

ತೊಡಕಿದ್ದುದು ಬೆಲ್ಲದಲ್ಲಿ. ಅಮ್ಮನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ. ದಿನಕ್ಕೆ ಎರಡು ಹೊತ್ತು ಮೆಣಸ್ಕಾಯಿ ಎಂದರೆ ವೈದ್ಯರು ಒಪ್ಪುವರೇ? ಊಟ ಬಿಡುವುದೂ ಅಪಾಯ, ಬೆಲ್ಲವೂ ಅಪಾಯ. ಅತ್ತಿಗೆ ಬೆಲ್ಲವನ್ನು ಅರ್ಧಕ್ಕೆ ಇಳಿಸಿದರು. ಹುಣಸೆ ಒಂಟಿಯಾಗಿ ಮೇಲೆದ್ದಿತು. ಅಮ್ಮ ತಟ್ಟೆಯನ್ನು ಸರಿಸಿದರು. ಮನೆಯಲ್ಲಿ ಸಣ್ಣ ಸಣ್ಣ ಜಗಳಗಳು ಶುರುವಾದವು. ಅಣ್ಣ ವೈದ್ಯರ ಪರ, ಅವನ ಮಗಳು ಅಜ್ಜಿಯ ಪರ.

ಈ ಹೊತ್ತಿಗೆ ನಮಗೆ ಒದಗಿದ್ದು ಒಡಿಶಾದ ಒಂದು ಅಡುಗೆ. ನಾನಿರುವುದು ನವಿ ಮುಂಬಯಿಯ ಐರೋಳಿಯಲ್ಲಿ. ನಮ್ಮ ಮಹಡಿಯಲ್ಲಿಯೇ ಒಡಿಶಾದ ದಂಪತಿ ಇದ್ದಾರೆ, ಇಬ್ಬರೂ ಇಲ್ಲಿನ ಕಂಪನಿಗಳಲ್ಲಿ ದುಡಿಯುವವರು. ಆ ಹುಡುಗಿ ಒಂದು ಭಾನುವಾರ ಬಟ್ಟಲು ತಂದು, “ಮಾಉಸಿ, ಯೇ ಹಮಾರಾ ಅಂಬಿಲ ಹೈ” ಎಂದಳು. ಹೆಸರು ಕೇಳಿ ನಾನು ಕುಡಿಯುವ ಗಂಜಿಯೆಂದುಕೊಂಡೆ. ನಮ್ಮ ಅಂಬಲಿಯೂ ಮರಾಠಿಯ ಆಂಬೀಲವೂ ಹಿಟ್ಟನ್ನು ಕಾಯಿಸಿ ಮಾಡುವಂಥವು. ಅವಳ ಬಟ್ಟಲಲ್ಲಿದ್ದುದು ಕುಂಬಳ, ಮೂಲಂಗಿ, ಬದನೆ, ಬೆಂಡೆ, ಕೆಸುವಿನ ಗೆಡ್ಡೆಗಳ ಹುಳಿ-ಸಿಹಿ ಪದಾರ್ಥ. ಅಕ್ಕಿಹಿಟ್ಟಿನಿಂದ ತುಸು ಮಂದವಾದುದು. ಅದರ ಹುಳಿ ‘ಅಂಬುಲ’ದ್ದು. ಮಾವಿನಕಾಯಿಯನ್ನು ಉಪ್ಪು ಹಚ್ಚಿ ಬಿಸಿಲಲ್ಲಿ ಒಣಗಿಸಿ ಇಟ್ಟುಕೊಳ್ಳುವುದಕ್ಕೆ ಅವರಲ್ಲಿ ಆ ಹೆಸರು. ಅವಳ ತಾಯಿ ಪ್ರತಿ ಬೇಸಗೆಯಲ್ಲಿ ಒಂದು ಡಬ್ಬಿ ಕಳುಹಿಸುತ್ತಾರಂತೆ, ನಮ್ಮವರು ಹಪ್ಪಳ ಕಳುಹಿಸುವ ಹಾಗೆ.

ಕ್ರಮವನ್ನು ಕೇಳಿದೆ. ತರಕಾರಿಗಳನ್ನು ಅರಿಸಿನ, ಉಪ್ಪು ಹಾಕಿ ಮೊದಲೇ ಬೇಯಿಸಬೇಕು. ನೆನೆಸಿದ ಅಂಬುಲ ಬೀಳುವುದು ಅನಂತರ. ಇದಕ್ಕೆ ಕಾರಣವಿದೆ. ಹುಳಿ ಮೊದಲೇ ಸೇರಿದರೆ ತರಕಾರಿಯ ನಾರನ್ನು ಹಿಡಿದಿಟ್ಟಿರುವ ಪೆಕ್ಟಿನ್ ಬೇಗ ಕರಗದು, ಗೆಡ್ಡೆ ಗಟ್ಟಿಯಾಗಿಯೇ ಉಳಿಯುತ್ತದೆ. ಹಾಗಲಕಾಯಿ ಹೋಳು ಮುದ್ದೆಯಾಗಬಾರದೆಂದು ನಾವು ಅದನ್ನು ಹುಣಸೆರಸದಲ್ಲಿಯೇ ಬೇಯಿಸುವುದೂ ಇದೇ ಗುಣವನ್ನು ನಂಬಿ. ಬೆಲ್ಲವೆಷ್ಟು ಎಂದಾಗ ಅವಳು ಎರಡು ಬೆರಳಲ್ಲಿ ಒಂದು ಚೂರು ತೋರಿಸಿದಳು. “ಕುಂಬಳಕಾಯಿ ಇದೆಯಲ್ಲ, ಮತ್ತೇಕೆ?” ಎಂಬುದು ಅವಳ ಪ್ರಶ್ನೆ.

ಮರುವಾರ ಅವಳು ಕೊಟ್ಟ ಆರು ಅಂಬುಲಗಳನ್ನು ಚೀಲದಲ್ಲಿಟ್ಟುಕೊಂಡು ಡೊಂಬಿವಲಿಗೆ ಹೊರಟೆ. 2004ರಲ್ಲಿ ಥಾಣೆಯಿಂದ ನವಿ ಮುಂಬಯಿಗೆ ಲೋಕಲ್ ಗಾಡಿ ಬಂದ ಮೇಲೆ ಐರೋಳಿಯಿಂದ ತವರಿಗೆ ಥಾಣೆಯಲ್ಲೊಮ್ಮೆ ಬದಲಿಸಿದರೆ ಸಾಕು. ಅಮ್ಮ ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ನಾನು ಮಾಡಿದ ಅಂಬಿಲದ ಒಂದು ಚಮಚ ಬಾಯಿಗಿಟ್ಟು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, “ಇವರು ಹುಳಿಯನ್ನೇ ಸಣ್ಣ ಮಾಡಿದ್ದಾರೆ ಮಗಾ. ಹುಳಿ ಸಣ್ಣದಾದರೆ ಬೆಲ್ಲ ಯಾಕೆ ದೊಡ್ಡದು ಬೇಕು?” ಎಂದರು.

ನಾವು ಆರು ತಿಂಗಳು ಬೆಲ್ಲದ ಜೊತೆ ಜಗಳವಾಡಿದ್ದೆವು. ಅಮ್ಮ ತಕ್ಕಡಿಯ ಇನ್ನೊಂದು ತಟ್ಟೆಯನ್ನು ತೋರಿಸಿದರು. ಸಿಹಿ ಹುಳಿಯನ್ನು ತಗ್ಗಿಸುತ್ತದೆ, ಹುಳಿ ಸಿಹಿಯನ್ನು ತಗ್ಗಿಸುತ್ತದೆ. ಎರಡನ್ನೂ ಒಟ್ಟಿಗೆ ಇಳಿಸಿದರೆ ಹದ ಕೆಡದು. ಅಂದೇ ಅವರು ಕುಳಿತಲ್ಲಿಂದ ಹೇಳುತ್ತ ಅತ್ತಿಗೆಯ ಕೈಯಲ್ಲಿ ಹಾಗಲಕಾಯಿ ಮೆಣಸ್ಕಾಯಿ ಮಾಡಿಸಿದರು: ಹುಣಸೆ ಮೊದಲಿನ ಅರ್ಧ, ಬೆಲ್ಲ ಮೂರರಲ್ಲೊಂದು, ಸಿಹಿಗೆ ಜೊತೆಯಾಗಿ ನಾಲ್ಕು ಹೋಳು ಚೀನಿಕಾಯಿ, ಎಳ್ಳು ತುಸು ಹೆಚ್ಚು. “ಎಳ್ಳಿನ ಪರಿಮಳ ನನಗಿಲ್ಲ, ನಿಮಗುಂಟಲ್ಲ” ಎಂದರು. ವೈದ್ಯರು ಒಪ್ಪಿದ್ದು ದಿನಕ್ಕೊಂದು ಸಣ್ಣ ಬಟ್ಟಲಿಗೆ. ಅಮ್ಮ ಅದನ್ನು ಎರಡು ಹೊತ್ತಿಗೆ ಹಂಚಿಕೊಂಡು, ಅದರ ಆಸರೆಯಲ್ಲಿ ಅನ್ನವನ್ನೂ ಪಲ್ಯವನ್ನೂ ಉಣ್ಣತೊಡಗಿದರು.

ಅಣ್ಣನ ಮಗಳು ಡೊಂಬಿವಲಿಯಲ್ಲಿಯೇ ಹುಟ್ಟಿ ಬೆಳೆದವಳು. ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅಜ್ಜಿ ಹೇಳಿದ ಅಳತೆಯನ್ನು ಅವಳು ದೇವನಾಗರಿಯಲ್ಲಿ ಬರೆದುಕೊಂಡಳು. ಹುಣಸೆಗೂ ಬೆಲ್ಲಕ್ಕೂ ಗ್ರಾಂ ಲೆಕ್ಕ ಸಿಕ್ಕಿತು. ‘ಹದ’ ಎಂಬಲ್ಲಿ ಬಂದು ಪೆನ್ನು ನಿಂತಿತು. ಮರಾಠಿಯಲ್ಲಿ ಏನೆನ್ನಬೇಕು ಎಂದು ನನ್ನನ್ನು ಕೇಳಿದಳು. ನನಗೆ ಹೊಳೆಯುವ ಮೊದಲೇ ಅಮ್ಮ ಚಮಚವನ್ನು ಅವಳ ಬಾಯಿಗೆ ಹಿಡಿದು, “ಇದು. ಇದನ್ನು ನೆನಪಿಟ್ಟುಕೊ” ಎಂದರು. ಈಗ ವಾರಕ್ಕೊಮ್ಮೆ ಮೆಣಸ್ಕಾಯಿ ಅವಳ ಪಾಲಿನ ಕೆಲಸ. ಒಲೆಯಿಂದ ಇಳಿಸುವ ಮೊದಲು ಅಜ್ಜಿಗೆ ಹುಳಿ-ಸಿಹಿ ಕೇಳುತ್ತಾಳೆ. ಒಗ್ಗರಣೆಯ ಪರಿಮಳ ಹೇಗಿದೆಯೆಂದು ಅಜ್ಜಿ ಅವಳನ್ನು ಕೇಳುತ್ತಾರೆ.