ಜಪಾನಿನಾಗ ಒಂದು ಬಾಣಂತನ

ಮೂರು ತಿಂಗಳಾತು ನಾ ಏನೂ ಬರದಿಲ್ಲ ಅಂತ ವೈನಿ ಫೋನ್ ಮಾಡಿ ಬೈದ್ರು. ಬಾಣಂತನ ಮಾಡೋ ಕೈಗೆ ಬರಿಯೋ ಪುರಸೊತ್ತು ಎಲ್ಲಿಂದ ಬರಬೇಕ್ರಿ ವೈನಿ?

ಮಗಳು ಹೆರಿಗಿಗೆ ಇಲ್ಲಿಗೇ ಬರಬೇಕಿತ್ತು. ತಿಕೀಟು ಸುದ್ಧಾ ಆಗಿತ್ತು. ಆದ್ರ ಬಿ.ಪಿ. ಏರಿ ಡಾಕ್ಟರ್ ವಿಮಾನ ಬ್ಯಾಡ ಅಂದ್ರು. ಹಿಂಗಾಗಿ ತವರಮನಿನೇ ಎದ್ದು ಟೋಕಿಯೊಕ್ಕ ಹೋತು. ಆಕಿ ಇರೋದು ನಿಶಿಕಸಾಯಿ ಅನ್ನೋ ಭಾಗದಾಗ. ಅಲ್ಲೆ ನಮ್ಮ ದೇಶದವರು ಭಾಳ ಮಂದಿ ಇದ್ದಾರ, ಹೆಚ್ಚಿನವರು ಕಂಪ್ಯೂಟರ್ ಕೆಲಸದವರು. ತೊಗರಿಬ್ಯಾಳಿ, ಇಂಗು, ಸಾಸಿವಿ ಎಲ್ಲಾ ಸಿಗತಾವ. ನಾ ಊರಿಂದ ಹೊತ್ಕೊಂಡು ಹೋದ ಅರ್ಧ ಸಾಮಾನು ಮನಿ ಹತ್ತರದ ಅಂಗಡ್ಯಾಗೇ ಇತ್ತು. ಅಂಟು, ಉತ್ತತ್ತಿ ಮಾತ್ರ ಒಯ್ದದ್ದು ಛಲೋ ಆತು.

ನಂಗ ಕೊಟ್ಟದ್ದು 90 ದಿನದ ವೀಸಾ. ಅದನ್ನ ನೆನಪಿಡ್ರಿ, ಮುಂದ ಬರತದ ಆ ಮಾತು.

ಮನಿ ಅಂದ್ರ ಎರಡು ಖೋಲಿ, ಒಂದು ಸಣ್ಣ ಅಡಗಿಮನಿ. ಬಾಗಲದಾಗ ಚಪ್ಪಲಿ ಬಿಡೋದು ನಮ್ಮಂಗ. ಆದ್ರ ಸಂಡಾಸಕ್ಕ ಅಂತ ಬ್ಯಾರೆ ಚಪ್ಪಲಿ ಇರತಾವ. ಅವನ್ನ ಮೆಟ್ಕೊಂಡು ನಾ ಸೀದಾ ಒಲಿ ಮುಂದ ಬಂದು ನಿಂತಿದ್ದೆ. ಮಗಳು ಹೌಹಾರಿದ್ಲು. ಮಡಿ ಮೈಲಿಗಿ ಅಂತ ಜೀವನ ತುಂಬ ಹೇಳಿದಾಕಿ ನಾನು, ನಂಗ ಆಕಿ ಮಡಿ ಕಲಸಬೇಕಾತು!

ಕಸದ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಸುಡೋ ಕಸ ಬ್ಯಾರೆ, ಸುಡಲಾರದ್ದು ಬ್ಯಾರೆ, ಬಾಟ್ಲಿ ಡಬ್ಬಿ ಬ್ಯಾರೆ, ಹಳೇ ಪೇಪರ್ ಬ್ಯಾರೆ. ಒಂದೊಂದಕ್ಕ ಒಂದೊಂದು ವಾರ. ಅಡಗಿಮನಿ ಕಸ ವಾರಕ್ಕ ಎರಡು ಸಲ ಒಯ್ಯತಾರ. ಮುಂಜಾನೆ ಎಂಟರೊಳಗ ಕೆಳಗ ಇಟ್ಟು, ಕಾಗಿ ಹರೀಲಾರದಂಗ ಬಲಿ ಹೊಚ್ಚಬೇಕು. ನೀರಿನ ಬಾಟ್ಲಿ ಇದ್ರ ಮುಚ್ಚಳ ತಗದು, ಸುತ್ತಿದ ಚೀಟಿ ಹರದು, ತೊಳದು, ಚಪ್ಪಟಿ ಮಾಡಿ ಇಡಬೇಕು. ಕರದ ಎಣ್ಣಿ ಬಚ್ಚಲಕ್ಕ ಸುರಿಯೋ ಹಂಗಿಲ್ಲ. ಅದಕ್ಕೊಂದು ಪುಡಿ ಸಿಗತದ. ಬಿಸಿ ಎಣ್ಣ್ಯಾಗ ಹಾಕಿ ಕಲಸಿ ಬಿಟ್ರ ಆರಿದ ಮ್ಯಾಲೆ ಗಿಣ್ಣದಂಗ ಗಟ್ಟಿ ಆಗತದ, ಎತ್ತಿ ಸುಡೋ ಕಸದಾಗ ಹಾಕೋದು. ಎರಡು ಪಾಕೀಟು ತಂದೀನಿ, ಬೇಕಾದವರು ಬಂದು ನೋಡ್ರಿ.

ಒಂದಿನ ನಾ ಎಲ್ಲಾ ಕೂಡಿಸಿ ಒಂದೇ ಚೀಲದಾಗ ತುಂಬಿ ಇಟ್ಟು ಬಂದೆ. ಗಾಡಿಯವರು ಚೀಲಕ್ಕ ಒಂದು ಚೀಟಿ ಹಚ್ಚಿ ಅಲ್ಲೇ ಬಿಟ್ಟು ಹೋಗಿದ್ರು. ತುಂಬಿದ ಬಸರಿ ಮಗಳು ಕೆಳಗ ಇಳದು ಹೋಗಿ ಆ ಚೀಲ ಹೊತ್ಕೊಂಡು ಬಂದ್ಲು. ಮಾರಿ ಸಣ್ಣದಾಗಿತ್ತು.

"ಕಸಕ್ಕ ಅಷ್ಟ್ಯಾಕ ಅಂಜತೀಯವ್ವಾ?" ಅಂದೆ.

"ಇಲ್ಲಿ ನಾವು ಹೊರಗಿನವರು ಅವ್ವಾ. ನಾವು ತಪ್ಪು ಮಾಡಿದ್ರ ನಮ್ಮ ಮನಿ ಹೆಸರಲ್ಲ, ಎಲ್ಲಾ ಇಂಡಿಯಾದವರ ಹೆಸರು ಬರತದ."

ಆಕಿ ಆ ಅಂಜಿಕಿ ಬರೇ ಕಸದ್ದಲ್ಲ ಅಂತ ನಂಗ ಆವಾಗ ತಿಳೀಲಿಲ್ಲ. ಗ್ವಾಡಿ ತೆಳ್ಳಗ, ನೆಲ ಕಟಗೀದು. ರಾತ್ರಿ ಮಿಕ್ಸರ್ ಹಚ್ಚಬ್ಯಾಡ, ಹಿಮ್ಮಡ ಊರಿ ನಡೀಬ್ಯಾಡ, ಫೋನಿನಾಗ ಒದರಬ್ಯಾಡ. ನಾವೆಲ್ಲಾ ಫೋನಿನಾಗ ಒದರೋ ಮಂದಿ, ನಿಮಗ ಗೊತ್ತೇ ಅದ. ಈ ಮನಿಗೆ ಬಂದ ಹೊಸದಾಗ ಆಕಿ ಎಡಕ್ಕ ಬಲಕ್ಕ, ಮ್ಯಾಲೆ ಕೆಳಗ ಎಲ್ಲಾರ ಮನಿಗೂ ಹೋಗಿ ಒಂದೊಂದು ಟಾವೆಲ್ ಕೊಟ್ಟು ನಮಸ್ಕಾರ ಮಾಡಿ ಬಂದಿದ್ದಳಂತ. ಅಲ್ಲಿ ಪದ್ಧತಿ ಅದು.

ಕೂಸು ಹುಟ್ಟಿತು, ಹೆಣ್ಣು. ದವಾಖಾನ್ಯಾಗ ಐದು ದಿನ ಇಟ್ಕೊಂಡ್ರು. ಮನಿಗೆ ಕಳಸೋವಾಗ ಒಂದು ಸಣ್ಣ ಕಟಗಿ ಡಬ್ಬಿ ಕೈಯಾಗ ಕೊಟ್ರು. ತಗದು ನೋಡಿದ್ರ ಒಳಗ ಕೂಸಿನ ಹೊಕ್ಕಳಬಳ್ಳಿ! ಅಲ್ಲಿ ಅದನ್ನ ಒಣಗಿಸಿ ಜ್ವಾಪಾನ ಮಾಡಿ ಇಡತಾರ. ನಮ್ಮ ಕಡೆ ಕೆಲವು ಮನ್ಯಾಗ ತಾಯತದಾಗ ಹಾಕಿ ಕಟ್ಟತಾರಲ್ಲ, ಹಂಗ. ಆಮ್ಯಾಲೆ ಕಾಗದಪತ್ರದ ಓಡಾಟ. ಹುಟ್ಟಿದ 14 ದಿನದೊಳಗ ವಾರ್ಡ್ ಆಫೀಸಿನಾಗ ಬರಸಬೇಕು, 30 ದಿನದೊಳಗ ಕೂಸಿನ ವೀಸಾಕ್ಕ ಅರ್ಜಿ ಹಾಕಬೇಕು. ತಾ ಹುಟ್ಟಿದ ಊರಾಗ ಇರಲಿಕ್ಕೆ ಕೂಸಿಗೇ ಪರವಾನಿಗಿ! ಅದೆಲ್ಲಾ ಅಳಿಯಂದ್ರು ಮಾಡಿದ್ರು.

ನಾ ಬಚ್ಚಲ ಹಿಡದೆ. ಅವರ ಬಚ್ಚಲ ನಮ್ಮ ಬಾಣಂತನಕ್ಕಂತನೇ ಕಟ್ಟಿದಂಗ ಅದ. ಅವರು ಟಬ್ಬಿನಾಗ ಇಳಿಯೋದಕ್ಕಿಂತ ಮೊದಲ ಹೊರಗ ಸಣ್ಣ ಮಣಿ ಮ್ಯಾಲೆ ಕೂತು ಮೈ ತೊಳ್ಕೋತಾರ. ಟಬ್ಬಿನ ನೀರು ಮನಿಮಂದಿಗೆಲ್ಲಾ ಒಂದೇ, ಅದರಾಗ ಸಾಬೂನು ಸೇರೋ ಹಂಗಿಲ್ಲ. ಹಿಂಗಾಗಿ ಹೊರಗ ಜಾಗಾ ಅದ, ನೀರು ಹರದು ಹೋಗತದ. ನಾ ಅಲ್ಲೆ ಕಾಲು ಚಾಚಿ ಕೂತು, ಕೂಸಿನ್ನ ಕಾಲಮ್ಯಾಲೆ ಹಾಕ್ಕೊಂಡು ಎಣ್ಣಿ ಹಚ್ಚಿ ಎರದೆ. ನೀರಿನ ಕಾವು ಗುಂಡಿ ಒತ್ತಿದ್ರ ಎಷ್ಟು ಬೇಕೋ ಅಷ್ಟು. ಎರಕೊಂಡ ಕೂಸು ಎರಡು ತಾಸು ಮಿಸುಗಾಡಲಾರದ ಮಲಗತಿತ್ತು.

ಎರದದ್ದಾತು, ಧೂಪ ಬ್ಯಾಡೇನು? ಮಗಳು ಬ್ಯಾಡ ಅಂದಿದ್ಲು. ಆಕಿ ಮಲಗಿದಾಗ ತೆಂಗಿನ ಚಿಪ್ಪು ಸುಟ್ಟು ಕೆಂಡ ಮಾಡಿ ಲೋಬಾನ, ಅಜವಾನ ಹಾಕಿದೆ. ಮ್ಯಾಲಿಂದ ಒಂದು ಹೆಣ್ಣಿನ ಧ್ವನಿ ಕೂಗಲಿಕ್ಕೆ ಹತ್ತಿತು ನೋಡ್ರಿ, "ಕಾಜಿ ದೆಸು, ಕಾಜಿ ದೆಸು!" ಬೆಂಕಿ ಬಿದ್ದದ, ಬೆಂಕಿ ಬಿದ್ದದ ಅಂತ ಅದರ ಅರ್ಥ. ಅಲ್ಲಿ ಮನಿಮನ್ಯಾಗ ಮಾಡಿಗೆ ಹೊಗಿ ಹಿಡಿಯೋ ಯಂತ್ರ ಇರತದ. ಕೂಸು ಕಿಟಾರನೆ ಚೀರಿತು. ನಾ ಕೆಂಡದ ಮ್ಯಾಲೆ ನೀರು ಸುರುವಿದೆ, ಹೊಗಿ ಇನ್ನೂ ಹೆಚ್ಚಾತು. ಕೆಳಗಿನ ಮನಿ ಅಜ್ಜಿ ಮ್ಯಾಲೆ ಓಡಿ ಬಂದ್ರು. ಹಸೀ ಬಾಣಂತಿ ಬಾಗಲದಾಗ ನಿಂತು ನಡ ಬಗ್ಗಿಸಿ ಬಗ್ಗಿಸಿ "ಸುಮಿಮಾಸೆನ್, ಸುಮಿಮಾಸೆನ್" ಅಂತ ತಪ್ಪಾತು ಕೇಳಲಿಕ್ಕೆ ಹತ್ತಿದ್ಲು. ಬಾಗಲ ಹಾಕಿ ಬಂದು ನನ್ನ ಕೂಡ ಒಂದೂ ಮಾತಾಡಲಿಲ್ಲ. ಸಂಜೀತನಕ ಅತ್ಲು.

ನಂಗೂ ಸಿಟ್ಟು ಬಂತು, ಸುಳ್ಳು ಯಾಕ ಹೇಳಲಿ. ಏಳು ಸಮುದ್ರ ದಾಟಿ ಬಂದು ಮಾಡಿದ್ದಕ್ಕ ಇದೇನು ಅಂತ. ಹೊಗಿ ಕೂಸಿನ ಎದಿಗೆ ಛಲೋ ಅಲ್ಲ ಅಂತ ನಮ್ಮ ಡಾಕ್ಟರೂ ಹೇಳತಾರ, ನಂಗ ಗೊತ್ತಿಲ್ಲ ಅಂತಲ್ಲ. ನಮ್ಮವ್ವ ಮಾಡಿದ್ದು ನಾ ಬಿಟ್ರ ಹೆಂಗ ಅಂತ ಅಷ್ಟ.

ಒಂದು ವಾರದ ಮ್ಯಾಲೆ ವಾರ್ಡ್ ಆಫೀಸಿನಿಂದ ಒಬ್ಬ ಸೂಲಗಿತ್ತಿ ಮನಿಗೆ ಬಂದ್ಲು. ಹೊಸಾ ಕೂಸಿರೋ ಮನಿಗೆ ಹಂಗ ಬರತಾರ, ರೊಕ್ಕ ಇಲ್ಲ. ಕೂಸಿನ ತೂಕ ಮಾಡಿ, ತಾಯಿ-ಮಗುವಿನ ಪುಸ್ತಕದಾಗ ಬರದ್ಲು. 1948ರಿಂದ ನಡದು ಬಂದ ಪುಸ್ತಕ ಅದು, ಬಸರಾದಾಗಿಂದ ಪ್ರತಿಯೊಂದೂ ಅದರಾಗ ಇರತದ. ಆಮ್ಯಾಲೆ ಮಗಳ ಕೈಯಾಗ ಹತ್ತು ಪ್ರಶ್ನೆ ಇರೋ ಒಂದು ಹಾಳಿ ಕೊಟ್ಲು. ಕಳದ ಏಳು ದಿನದಾಗ ಮನಸ್ಸು ಹೆಂಗಿತ್ತು, ನಗು ಬರತದೇನು, ಸುಮ್ಮಸುಮ್ಮನ ಅಂಜಿಕಿ ಆಗತದೇನು, ಅಂಥಾವು. ಮೂರನೇದ್ದಕ್ಕೋ ನಾಕನೇದ್ದಕ್ಕೋ ಮಗಳ ಪೆನ್ನು ನಿಂತು ಬಿಡ್ತು. ಹಾಳಿ ಮ್ಯಾಲೆ ಟಪಟಪ ಕಣ್ಣೀರು.

ಆ ಸೂಲಗಿತ್ತಿ ಅವಸರ ಮಾಡಲಿಲ್ಲ. ಹಂಗ ಸುಮ್ಮನ ಆಕಿ ಬಾಜೂಕ ಕೂತ್ಲು.

ಆಮ್ಯಾಲೆ ಮಗಳು ನಂಗ ಹೇಳಿದ್ದು ಇಷ್ಟು. ರಾತ್ರಿ ಕೂಸು ಅತ್ರ ಕೆಳಗಿನವರಿಗೆ ಕೇಳಸತದಂತ ಆಕಿ ಅದನ್ನ ಎತ್ಕೊಂಡು ಬಚ್ಚಲದಾಗ ಬಾಗಲ ಹಾಕ್ಕೊಂಡು ಕೂಡತಿದ್ಲಂತ. ನಾ ಬಾಜೂ ಖೋಲ್ಯಾಗ ಮಲಗೀನಿ, ನಂಗ ಗೊತ್ತೇ ಇಲ್ಲ! ದಿನಾ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿ ನನ್ನ 90ರಾಗ ಎಷ್ಟು ಉಳದಾವ ಎಣಸತಿದ್ಲಂತ. "ನೀ ಹ್ವಾದ ಮ್ಯಾಲೆ ಹೆಂಗವ್ವಾ?"

ನನ್ನ ಬಾಣಂತನ ನೆನಪಾತು. ನಾನೂ ಕತ್ತಲ ಖೋಲ್ಯಾಗ ಅತ್ತಾಕಿನೇ. "ಅಳಬ್ಯಾಡ, ಹಾಲು ಬತ್ತತಾವ" ಅಂದ್ರು, ಯಾಕ ಅಳತಿ ಅಂತ ಯಾರೂ ಕೇಳಲಿಲ್ಲ. ಮಗಳಿಗೆ ನಾನೂ ಕೇಳಿರಲಿಲ್ಲ.

ಮರುದಿನ ಮಗಳು ಬ್ಯಾಡ ಬ್ಯಾಡ ಅಂದ್ರೂ ನಾನೇ ಅಂಟಿನುಂಡಿ ತಾಟಿನಾಗ ಹಾಕ್ಕೊಂಡು ಕೆಳಗಿನ ಮನಿಗೆ ಹೋದೆ. ಭಾಷಾ ಬರೂದಿಲ್ಲ. ಫೋನಿನಾಗ ಕನ್ನಡದಾಗ ಮಾತಾಡಿದೆ, ಅದು ಜಪಾನಿ ಮಾಡಿ ಹೇಳಿತು. ಕೂಸಿನ ಅಳು, ಆವತ್ತಿನ ಹೊಗಿ, ತ್ರಾಸ ಆಗಿದ್ರ ತಪ್ಪು ನಂದು ಅಂದೆ. ಅಜ್ಜಿ ಫೋನಿಗೆ ಬಾಯಿ ಹಚ್ಚಿ ಏನೋ ಹೇಳಿದ್ರು. ಆವತ್ತು ನಿಮಗೇನರ ಆತೇನೋ ಅಂತ ಅಂಜಿ ಬಂದಿದ್ದೆ, ಕೂಸಿನ ಅಳು ಕೇಳಿದ್ರ ನಂಗ ಛಲೋ ಅನಸತದ, ಈ ಮನ್ಯಾಗ ನಾ ಒಬ್ಬಾಕಿನೇ ಇರತೀನಿ ಅಂತ ಫೋನು ಹೇಳಿತು. ತಾನೂ ಹಡಿಯಲಿಕ್ಕೆ ಹಳ್ಳಿಗೆ ತವರಿಗೆ ಹೋಗಿದ್ದೆ ಅಂದ್ರು. ಅದಕ್ಕ ಅವರಲ್ಲಿ ಒಂದು ಹೆಸರೇ ಅದ, ಸಾತೊಗಾಯೆರಿ ಅಂತ. ಒಳಗ ಹೋಗಿ ಒಂದು ಕಟಗಿ ಡಬ್ಬಿ ತಂದ್ರು. ಐವತ್ತು ದಾಟಿದ ಮಗನ ಹೊಕ್ಕಳಬಳ್ಳಿ.

ನನ್ನ ತಾಟು ಖಾಲಿ ಬರಲಿಲ್ಲ. ಎರಡು ದಿನಕ್ಕ ಅದರ ಕೂಡ ಒಂದು ಮುಚ್ಚಳದ ಡಬ್ಬಿನೂ ಬಂತು, ತುಂಬ ಸೆಕಿಹಾನ್. ಕೆಂಪು ಕಾಳು ಹಾಕಿ ಜಿಗಟು ಅಕ್ಕೀಲೆ ಮಾಡೋ ಶುಭದ ಅನ್ನ, ಮ್ಯಾಲೆ ಎಳ್ಳು ಉಪ್ಪು. ಅಲ್ಲಿ ಎಲ್ಲಾ ಸಾರಿನಾಗೂ ಮೀನಿನ ರಸ ಇರತದಂತ ನಾ ಹೊರಗಿಂದು ಏನೂ ಮುಟ್ಟತಿರಲಿಲ್ಲ. ಇದರಾಗ ಅದಿಲ್ಲ ಅಂತ ಮಗಳು ಕೇಳಿ ಹೇಳಿದ್ಲು, ಹೊಟ್ಟಿ ತುಂಬ ಉಂಡೆ. ಅವತ್ತಿನಿಂದ ಸಂಜೀಮುಂದ ಅಜ್ಜಿ ಒಂದು ತಾಸು ಮ್ಯಾಲೆ ಬಂದು ಕೂಸಿನ್ನ ಎತ್ಕೋತಿದ್ರು. ಮಗಳು ಆ ತಾಸು ನಿದ್ದಿ ಮಾಡತಿದ್ಲು. ಆ ಸೂಲಗಿತ್ತಿನೂ ಮತ್ತ ಎರಡು ಸಲ ಬಂದು ಹೋದ್ಲು.

ನಾ ಹೊಂಟಾಗ ಕೂಸಿಗೆ ಎರಡೂವರಿ ತಿಂಗಳು. ಅಲ್ಲಿ ನೂರನೇ ದಿನಕ್ಕ ಕೂಸಿಗೆ ಅನ್ನ ತೋರಸೋ ಶಾಸ್ತ್ರ ಮಾಡತಾರ, ನಂಗ ಸಿಗಲಿಲ್ಲ. ಹೆಣ್ಣು ಕೂಸಿದ್ರ ಮನ್ಯಾಗಿನ ಎಲ್ಲಾರಕಿಂತ ಹಿರೇ ಹೆಂಗಸು ಉಣಸಬೇಕು. ಮೊನ್ನೆ ಮಗಳು ಫೋಟೋ ಕಳಸಿದ್ಲು. ಅಜ್ಜಿ ತೊಡಿಮ್ಯಾಲೆ ಕೂಸು, ಕೈಯಾಗ ಕಡ್ಡಿ. ಹಲ್ಲು ಗಟ್ಟಿ ಬರಲಿ ಅಂತ ಎದುರಿಗೆ ಒಂದು ಸಣ್ಣ ಕಲ್ಲೂ ಇಟ್ಟಾರ. ಮೀನು ಇಡೋ ಜಾಗಾದಾಗ ಮಗಳು ಹೋಳಿಗಿ ಇಟ್ಟಾಳ.

ಸೂಟ್‌ಕೇಸ್ ತಗದು ನೋಡಿದ್ರ ಅಜ್ಜಿ ಡಬ್ಬಿ ನನ್ನ ಸೀರಿ ನಡುವ ಬಂದು ಬಿಟ್ಟದ. ಮುಂದಿನ ತಿಂಗಳ ಅಳಿಯಂದ್ರ ಗೆಳೆಯರೊಬ್ಬರು ಹೊಂಟಾರ, ಅವರ ಕೈಯಾಗ ಕಳಸಬೇಕು. ಖಾಲಿ ಅಂತೂ ಕಳಸೂದಿಲ್ಲ. ಭಾಳ ಸಿಹಿ ಆಗೂದಿಲ್ಲ ಅವರಿಗೆ, ಖಾರಂತೂ ಮೊದಲ ಇಲ್ಲ. ಏನು ತುಂಬಲಿ ಹೇಳ್ರಿ?