ನದಿ ಇಲ್ಲದ ದ್ವೀಪದಲ್ಲಿ ನದಿಗಳ ಲೆಕ್ಕ

ಶುಕ್ರವಾರ ರಜೆ ಬಂತೆಂದರೆ ನಮ್ಮಲ್ಲಿ ಬಹಳ ಜನ ಸೀಫ್ ಕಡೆಯ ಮಾಲ್‌ಗಳಿಗೆ ಹೋಗುತ್ತೇವೆ. ಅಲ್ಲಿಂದ ಸ್ವಲ್ಪ ದೂರದಲ್ಲೇ, ಸಮುದ್ರದ ಪಕ್ಕದಲ್ಲಿ ಬಹರೈನ್ ಕೋಟೆ ಇದೆ. ಫೋಟೋ ತೆಗೆಸಿಕೊಂಡು ಬಂದವರು ಅನೇಕರಿದ್ದೀರಿ. ಆದರೆ ಕೋಟೆ ನಿಂತಿರುವ ಆ ದಿಬ್ಬ ಇದೆಯಲ್ಲ, ಅದು ತಾನಾಗಿ ಹುಟ್ಟಿದ ಗುಡ್ಡ ಅಲ್ಲ. ಕ್ರಿ.ಪೂ. 2300ರ ಸುಮಾರಿನಿಂದ ಜನ ಇಲ್ಲಿ ಊರಿನ ಮೇಲೆ ಊರು ಕಟ್ಟುತ್ತಾ ಬಂದು, ಹಳೆಯ ಗೋಡೆ, ಮಣ್ಣು, ಬೂದಿ ಎಲ್ಲ ಸೇರಿ ಎದ್ದ ದಿಬ್ಬ ಅದು. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗಿನ ಕಾಲದಲ್ಲಿ ಈ ನಾಡಿಗೆ ದಿಲ್ಮುನ್ ಎಂದು ಹೆಸರು.

ನಾಗರಿಕತೆ ಹುಟ್ಟಿದ್ದು ನದಿ ದಡದಲ್ಲಿ ಎಂದು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಇಲ್ಲಿ ನೋಡಿದರೆ ಹೆಸರಿಗೂ ಒಂದು ನದಿ ಇಲ್ಲ. ಇದ್ದದ್ದು ಸಿಹಿನೀರಿನ ಬುಗ್ಗೆಗಳು, ಖರ್ಜೂರದ ತೋಟಗಳು. ಹಾಗಿದ್ದರೂ ಪಟ್ಟಣ ಬೆಳೆಯಿತು. ಏಕೆಂದರೆ ಅತ್ತ ಮೆಸೊಪೊಟೇಮಿಯ, ಇತ್ತ ಸಿಂಧೂ ಕಣಿವೆ, ನಡುವೆ ಹಡಗು ನಿಲ್ಲಿಸಿ ಸಿಹಿನೀರು ತುಂಬಿಕೊಳ್ಳಲು ಈ ದ್ವೀಪ. ಹಾಗಾಗಿ ನದಿ ನಾಡುಗಳನ್ನು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆ ಜಾಗ ಸಿಗಲಿಕ್ಕಿಲ್ಲ.

ನದಿಗಳ ಸ್ವಭಾವ ಒಂದೇ ರೀತಿ ಇರಲಿಲ್ಲ. ನೈಲ್ ಹೇಳಿದ ಹೊತ್ತಿಗೆ ಬರುವ ನೌಕರನ ಹಾಗೆ. ಇಥಿಯೋಪಿಯದ ಮಳೆಯಿಂದ ಬೇಸಿಗೆಯಲ್ಲಿ ಉಕ್ಕಿ, ಬಿತ್ತನೆಯ ಹೊತ್ತಿಗೆ ಸರಿಯಾಗಿ ಇಳಿಯುತ್ತಿತ್ತು. ಟೈಗ್ರಿಸ್, ಯೂಫ್ರೆಟಿಸ್ ಇದಕ್ಕೆ ಉಲ್ಟಾ. ಬೆಟ್ಟದ ಹಿಮ ಕರಗಿ ಪ್ರವಾಹ ಬರುತ್ತಿದ್ದದ್ದು ವಸಂತದಲ್ಲಿ, ಅಂದರೆ ಪೈರು ಕೊಯ್ಲಿಗೆ ಬರುವ ಸಮಯದಲ್ಲೇ! ಅದಕ್ಕೇ ಅಲ್ಲಿ ಕಾಲುವೆ, ಒಡ್ಡು, ವರ್ಷವಿಡೀ ಆಳುಗಳ ಕೆಲಸ. ಸಿಂಧೂ ಜನ ಪ್ರವಾಹ ಮುಟ್ಟದ ಹಾಗೆ ಎತ್ತರದ ಜಗಲಿ ಕಟ್ಟಿ ಅದರ ಮೇಲೆ ಊರು ಕಟ್ಟಿದರು. ಮೊಹೆಂಜೊದಾರೊದ ಬಾವಿ, ಚರಂಡಿಗಳನ್ನು ನಾವು ಚಿತ್ರದಲ್ಲಾದರೂ ನೋಡಿದ್ದೇವೆ.

ನಾನು ಲೆಕ್ಕ ಬರೆಯುವವನು, ಆದ್ದರಿಂದ ನನ್ನ ಕಣ್ಣು ಹೋಗುವುದು ಬೇರೆ ಕಡೆ. ಮೆಸೊಪೊಟೇಮಿಯದ ಉರುಕ್ ಪಟ್ಟಣದಲ್ಲಿ ಐದು ಸಾವಿರ ವರ್ಷಕ್ಕೂ ಹಿಂದಿನ ಮಣ್ಣಿನ ಹಲಗೆಗಳು ಸಿಕ್ಕಿವೆ. ಬರವಣಿಗೆಯ ಅತಿ ಹಳೆಯ ಮಾದರಿಗಳು ಅವು. ಅದರಲ್ಲಿರುವುದು ಕಥೆ, ಕವಿತೆ ಅಲ್ಲ. ಬಹುಪಾಲು ಲೆಕ್ಕ! ಎಷ್ಟು ಧಾನ್ಯ, ಎಷ್ಟು ಕುರಿ, ಯಾರಿಗೆ ಎಷ್ಟು ಪಡಿ. ಪಡಿ ಎನ್ನಲು ಅವರು ಬಳಸುತ್ತಿದ್ದ ಗುರುತು ಒಂದು ತಲೆ, ಅದರ ಬಾಯಿಗೆ ಒಂದು ಬಟ್ಟಲು.

ದಿಲ್ಮುನ್ ಲೆಕ್ಕವೂ ಅವರ ಹಲಗೆಗಳಲ್ಲಿದೆ. ಉರ್ ಪಟ್ಟಣದ ಒಂದು ಹಲಗೆಯಲ್ಲಿ ಸುಮಾರು 18 ಟನ್ ತಾಮ್ರವನ್ನು ದಿಲ್ಮುನ್ ತೂಕದಲ್ಲೂ ಉರ್ ತೂಕದಲ್ಲೂ ಬರೆದಿದ್ದಾರೆ, ನಾವು ದಿನಾರ್‌ಗೆ ರೂಪಾಯಿ ಹಾಕಿ ನೋಡುತ್ತೇವಲ್ಲ, ಹಾಗೆ. ದಿಲ್ಮುನ್ ತೂಕ ಹೊಂದುವುದು ಸಿಂಧೂ ಕಣಿವೆಯ ತೂಕಕ್ಕೆ. ಅಲ್ಲಿನ ಮಾದರಿಯ ಚೌಕ ಕಲ್ಲಿನ ಬೊಟ್ಟುಗಳು ಈ ಕೋಟೆಯ ದಿಬ್ಬದಲ್ಲೇ ಸಿಕ್ಕಿವೆ. ಅಂದರೆ ನಾಲ್ಕು ಸಾವಿರ ವರ್ಷದ ಹಿಂದೆಯೂ ಈ ದ್ವೀಪದಲ್ಲಿ ನಮ್ಮ ಕಡೆಯವರ ತಕ್ಕಡಿ ನಡೆಯುತ್ತಿತ್ತು.

ಸರಕಿನ ಜೊತೆ ಜನರೂ ಹೋದರು. ಮೆಸೊಪೊಟೇಮಿಯದವರು ಮೆಲುಹ್ಹ ಎಂದು ಕರೆದ ನಾಡು ಸಿಂಧೂ ಕಣಿವೆಯೇ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಲಗಾಶ್ ಪ್ರದೇಶದಲ್ಲಿ ‘ಮೆಲುಹ್ಹ ಹಳ್ಳಿ’ ಎಂಬ ಊರೇ ಇತ್ತು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಶು-ಇಲಿಶು ಎಂಬಾತನ ಮುದ್ರೆ ಇದೆ. ಆತನ ಉದ್ಯೋಗ ಮೆಲುಹ್ಹ ಭಾಷೆಯ ದುಭಾಷಿ. ಹೊಸದಾಗಿ ಬಂದವರ ಜೊತೆ ಕ್ಲಿನಿಕ್‌ಗೆ, ಆಫೀಸಿಗೆ ಹೋಗಿ ಮಾತು ದಾಟಿಸುವವರು ನಮ್ಮಲ್ಲೂ ಇದ್ದಾರಲ್ಲ, ಅವರಿಗೆ ಇಷ್ಟು ಹಳೆಯ ಅಣ್ಣ ಒಬ್ಬನಿದ್ದ.

ಇನ್ನು ಈಜಿಪ್ಟ್. ಕ್ರಿ.ಪೂ. 12ನೇ ಶತಮಾನದಲ್ಲಿ, ಮೂರನೇ ರಾಮ್ಸೆಸ್ ಆಳುತ್ತಿದ್ದ 29ನೇ ವರ್ಷ, ರಾಜರ ಗೋರಿ ಕೊರೆಯುತ್ತಿದ್ದ ಕೆಲಸಗಾರರಿಗೆ ಕೂಲಿಯ ಧಾನ್ಯ ಸಮಯಕ್ಕೆ ಬರಲಿಲ್ಲ. ಹಸಿದಿದ್ದೇವೆ ಎಂದು ಅವರು ಕೆಲಸ ಬಿಟ್ಟು ದೇವಸ್ಥಾನದ ಹಿಂದೆ ಹೋಗಿ ಕೂತರು. ಕೊನೆಗೆ ಬಾಕಿ ಧಾನ್ಯ ಕೊಡಿಸಬೇಕಾಯಿತು. ಇದೆಲ್ಲ ನಮಗೆ ತಿಳಿದದ್ದು ಅಲ್ಲಿನ ಗುಮಾಸ್ತ ಬರೆದಿಟ್ಟಿದ್ದರಿಂದ. ಆ ಪಪೈರಸ್ ಈಗಲೂ ಇಟಲಿಯ ಟೂರಿನ್‌ನಲ್ಲಿದೆ.

ಸಿಂಧೂ ಕಣಿವೆಯ ಕೆಲಸಗಾರನಿಗೆ ಮಾತ್ರ ಆ ಭಾಗ್ಯ ಇಲ್ಲ. ತೂಕ ಅಷ್ಟು ಕರಾರುವಾಕ್ಕು, ಇಟ್ಟಿಗೆ ಅಷ್ಟು ಅಚ್ಚುಕಟ್ಟು, ಆದರೆ ಲಿಪಿ ಇನ್ನೂ ಯಾರಿಗೂ ಓದಲು ಬಂದಿಲ್ಲ. ಆ ಚರಂಡಿ ತೋಡಿದವನಿಗೆ ದಿನಕ್ಕೆ ಎಷ್ಟು ಕೊಟ್ಟರು, ಬಾಕಿ ಉಳಿಸಿಕೊಂಡರಾ ಎಂದು ಹೇಳಲು ಒಂದು ಸಾಲೂ ಇಲ್ಲ.

ಇದನ್ನು ಹೇಳಲು ಕಾರಣ ಇದೆ. ಊರಿಗೆ ವಾಪಸ್ ಹೋಗುವಾಗ ಸೆಟ್ಲ್‌ಮೆಂಟ್ ಲೆಕ್ಕ ಸರಿಯಾ ನೋಡಿ ಸರ್ ಎಂದು ನನ್ನ ಬಳಿ ಬರುವವರಿದ್ದಾರೆ. ಹತ್ತು ಹನ್ನೆರಡು ವರ್ಷ ದುಡಿದಿರುತ್ತಾರೆ, ಕೈಯಲ್ಲಿ ಒಂದು ಸಂಬಳದ ಚೀಟಿಯೂ ಇರುವುದಿಲ್ಲ, ಕಾಂಟ್ರ್ಯಾಕ್ಟ್ ಪ್ರತಿಯೂ ಇರುವುದಿಲ್ಲ. ಬಾಯಿಮಾತಿನ ಮೇಲೆ ನಾನು ಏನು ಕೂಡಿಸಲಿ, ಏನು ಕಳೆಯಲಿ? ಪ್ರತಿ ತಿಂಗಳು ಚೀಟಿಯ ಫೋಟೋ ತೆಗೆದಿಡಿ, ಓವರ್‌ಟೈಮ್ ಗಂಟೆಗಳನ್ನು ತಾರೀಖು ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ, ಮನೆಯವರಿಗೂ ಒಂದು ಪ್ರತಿ ಕಳಿಸಿ.

ಕೋಟೆಗೆ ಸಂಜೆ ಹೋಗಿ, ಬಿಸಿಲು ಇಳಿದಿರುತ್ತದೆ. ಪಕ್ಕದ ಮ್ಯೂಸಿಯಂ ನೋಡುವುದಿದ್ದರೆ ಮುಚ್ಚುವ ಸಮಯ ಮೊದಲೇ ವಿಚಾರಿಸಿಕೊಳ್ಳಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ದಿಬ್ಬದ ಕಥೆ ಹೇಳಿ.